ತೋಟ ಬಿಟ್ಟು ಬಂದವರ ಓದು

(ಸಂಘದ ಪುಸ್ತಕಭಂಡಾರದ ಸಭೆಯಲ್ಲಿ ಮಾಡಿದ ಭಾಷಣ)



ಸಾವಯವ ಬೇಸಾಯದ ಪುಸ್ತಕಗಳನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಸಂಕೋಚವೇ ಆಯಿತು. ನಾವು ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನ ಗುಮಾಸ್ತಗಿರಿ. ಈ ಚೆನ್ನೈಯಲ್ಲಿ ನಮ್ಮ ಸಾಗುವಳಿಯೆಂದರೆ ಬಾಡಿಗೆ ಮನೆಯ ಬಾಲ್ಕನಿಯಲ್ಲಿರುವ ಐದು ಕುಂಡಗಳು, ಅವುಗಳಲ್ಲಿಯೂ ಎರಡು ಖಾಲಿ. ಆದರೂ ಒಪ್ಪಿಕೊಂಡೆವು. ಪುತ್ತೂರಿನ ಕಡೆ ನಮಗೊಂದು ಸಣ್ಣ ಅಡಿಕೆ ತೋಟವಿದೆ. ಈ ಪುಸ್ತಕಗಳಿಲ್ಲದಿದ್ದರೆ ಅದು ಇಷ್ಟರಲ್ಲಿ ಪರರ ಪಾಲಾಗುತ್ತಿತ್ತು.

ಮೊದಲು ಓದಬೇಕಾದದ್ದು ಕೃಷಿಯ ಪುಸ್ತಕವೇ ಅಲ್ಲ, ಕಾದಂಬರಿ. ಶಿವರಾಮ ಕಾರಂತರ ‘ಬೆಟ್ಟದ ಜೀವ’ ೧೯೪೩ರದು. ಆಗ ದಕ್ಷಿಣ ಕನ್ನಡವೂ ಈ ಮದರಾಸೂ ಒಂದೇ ಪ್ರಾಂತದಲ್ಲಿದ್ದವು. ಬೇರೆಯಾದದ್ದು ೧೯೫೬ರ ನವೆಂಬರ್ ೧ರಂದು. ಕಾಡಿನ ಮಗ್ಗುಲಲ್ಲಿ ತೋಟ ಎಬ್ಬಿಸಿದ ಗೋಪಾಲಯ್ಯನವರ ಛಲವನ್ನು ಎಲ್ಲರೂ ಹೊಗಳುತ್ತಾರೆ. ನಮ್ಮನ್ನು ಚುಚ್ಚಿದ್ದು ಮಾತ್ರ ಮನೆ ಬಿಟ್ಟು ಹೋದ ಅವರ ಮಗ ಶಂಭು. ಮುದುಕರು ಏನು ಮಾತನಾಡುತ್ತಿದ್ದರೂ ಅದರ ಅಡಿಯಲ್ಲಿ ಅವನಿದ್ದಾನೆ. ಈ ಸಭೆಯಲ್ಲಿ ಕುಳಿತಿರುವ ನಾವೆಲ್ಲರೂ ಅಷ್ಟಿಷ್ಟು ಶಂಭುಗಳೇ ಅಲ್ಲವೆ?

ಎರಡನೆಯದು ಜಪಾನಿನ ಮಸನೊಬು ಫುಕುವೋಕಾ ಅವರ ೧೯೭೫ರ ಪುಸ್ತಕ. ಸಂತೋಷ ಕೌಲಗಿಯವರು ಅದನ್ನು ‘ಒಂದು ಹುಲ್ಲಿನ ಕ್ರಾಂತಿ’ ಎಂದು ಕನ್ನಡಕ್ಕೆ ತಂದಿದ್ದಾರೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಸಹಜ ಕೃಷಿ’ಯೂ ಈ ವಿಚಾರವನ್ನೇ ಕುರಿತದ್ದು, ಜೊತೆಗಿಟ್ಟುಕೊಂಡು ಓದಬಹುದು. ಫುಕುವೋಕಾ ಯೊಕೊಹಾಮಾ ಸುಂಕದ ಕಚೇರಿಯಲ್ಲಿ ಗಿಡಗಳ ತಪಾಸಣೆಯ ನೌಕರಿಯಲ್ಲಿದ್ದು, ಇಪ್ಪತ್ತೈದರ ಪ್ರಾಯದಲ್ಲಿ ಅದನ್ನು ಬಿಟ್ಟು ಊರು ಸೇರಿದವರು. (ತಿಂಗಳ ಸಂಬಳದವರಿಗೆ ಇಲ್ಲಿಯೇ ಎದೆ ಝಲ್ಲೆನ್ನುತ್ತದೆ!) ಉಳುವುದು ಬೇಡ, ರಾಸಾಯನಿಕ ಗೊಬ್ಬರ ಬೇಡ, ಕಳೆಯ ಮೇಲೆ ಯುದ್ಧ ಬೇಡ, ವಿಷ ಬೇಡ, ಕೊಯ್ದ ಭತ್ತದ ಹುಲ್ಲನ್ನು ಗದ್ದೆಗೇ ಹರಡಿಬಿಡಿ ಎನ್ನುತ್ತಾರೆ.

ಇದನ್ನು ನಾವು ಮೊದಲು ಅರ್ಧಂಬರ್ಧ ಕೇಳಿ ತಿಳಿದಿದ್ದೆವು. ಅದರ ಫಲವನ್ನೂ ಹೇಳಿಬಿಡುತ್ತೇವೆ. ತಾಯಿಯವರು ತೀರಿಕೊಂಡ ಮೇಲೆ ಅಪ್ಪನಿಂದ ಒಬ್ಬರೇ ತೋಟ ನೋಡಲಾಗಲಿಲ್ಲ. ಎರಡು ವರ್ಷ ಕಣಿ ಬಿಡಿಸಲಿಲ್ಲ, ಸೊಪ್ಪು ಹಾಕಲಿಲ್ಲ, ಕೊಳೆರೋಗಕ್ಕೆ ಮದ್ದು ಬಿಡಲಿಲ್ಲ. ಮುಂಬಯಿಯಲ್ಲಿರುವ ಅಣ್ಣನೂ ನಾವೂ ಫೋನಿನಲ್ಲಿ ಅವರಿಗೆ ಧೈರ್ಯ ಹೇಳಿದೆವು: “ಚಿಂತೆ ಬೇಡ ಅಪ್ಪ, ಏನೂ ಮಾಡದಿರುವುದೇ ಈಗ ಸಹಜ ಕೃಷಿ.” ಅವರು ಏನೂ ಅನ್ನಲಿಲ್ಲ.

ಆಮೇಲೆ ಪುಸ್ತಕವನ್ನೇ ಓದಿದೆವು. ಫುಕುವೋಕಾ ಊರಿಗೆ ಬಂದ ಹೊಸದರಲ್ಲಿ ತಂದೆಯ ಕಿತ್ತಳೆ ತೋಟವನ್ನು ಸವರದೆ ತನ್ನಷ್ಟಕ್ಕೆ ಬಿಟ್ಟರಂತೆ. ಕೊಂಬೆಗೆ ಕೊಂಬೆ ಹೆಣೆದು, ಹುಳು ಬಿದ್ದು, ಮರಗಳು ಒಣಗಿದವು. ತಾನು ಮಾಡಿದ್ದು ಸಹಜ ಕೃಷಿಯಲ್ಲ, ತೋಟವನ್ನು ಕೈಬಿಟ್ಟದ್ದು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಅಂದು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ರಜೆ ಹಾಕಿ ಊರಿಗೆ ಹೋದರೆ ಕಣಿಗಳೆಲ್ಲ ಹೂತು, ಮರದ ಬುಡದಲ್ಲಿ ನೀರು ನಿಂತಿತ್ತು. ಅಪ್ಪ ಜಗಲಿಯಲ್ಲಿ ಕುಳಿತು, “ಮಾರುವುದಿದ್ದರೆ ಈಗಲೇ ಹೇಳಿ. ನಾನಿರುವಾಗಲೇ ಆಗಿಹೋಗಲಿ” ಎಂದರು.

ಮಾರಲಿಲ್ಲ. ನೆರೆಮನೆಯ ಹುಡುಗನೊಬ್ಬ ಅರ್ಧ ಪಾಲಿಗೆ ನೋಡಿಕೊಳ್ಳುತ್ತಾನೆ. ಕಣಿ ಬಿಡಿಸುವ ಕೂಲಿ ನಮ್ಮದು. ಇದು ನಾಲ್ಕನೆಯ ವರ್ಷ. ಬ್ಯಾಂಕಿನ ಲೆಕ್ಕದಲ್ಲಿ ಇದು ಲಾಭವಲ್ಲ. ಅಣ್ಣ ಇಂದಿಗೂ ಮಾರುವ ಪಕ್ಷ. ಅವನದೇ ಸರಿಯೇನೋ ಎಂದು ಒಮ್ಮೊಮ್ಮೆ ನಮಗೂ ಅನ್ನಿಸುವುದುಂಟು.

ಮೂರನೆಯದು ‘ಅಡಿಕೆ ಪತ್ರಿಕೆ’. ೧೯೮೮ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಮಾಸಪತ್ರಿಕೆ. ಶ್ರೀಪಡ್ರೆಯವರೂ ಅವರ ಸಂಗಡಿಗರೂ ಬೇಸಾಯಗಾರನ ಕೈಗೇ ಲೇಖನಿ ಕೊಟ್ಟರು. ಮಾಡಿ ನೋಡಿದವರೇ ಬರೆಯುವುದರಿಂದ ಮಾತಿಗೆ ಮಣ್ಣಿನ ವಾಸನೆಯಿದೆ. ನಾವು ಎರಡು ಪ್ರತಿ ತರಿಸುತ್ತೇವೆ, ಊರಿಗೊಂದು, ಇಲ್ಲಿಗೊಂದು. ಅಪ್ಪನೊಡನೆ ಫೋನಿನಲ್ಲಿ ಮಳೆ, ರಕ್ತದೊತ್ತಡ ಇವೆರಡನ್ನು ಬಿಟ್ಟು ಬೇರೆ ಮಾತು ಹುಟ್ಟಿದ್ದು ಇದರಿಂದ.

ಇಂಗ್ಲಿಷ್ ಬಲ್ಲವರು ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನ ರೂಪಿಸಿದ ಆಲ್ಬರ್ಟ್ ಹೋವರ್ಡರ ೧೯೪೦ರ ಗ್ರಂಥವನ್ನು ನೋಡಬಹುದು. ತಮಿಳಿನಲ್ಲಿ ನಮ್ಮಾಳ್ವಾರ್ (೧೯೩೮–೨೦೧೩) ಇದ್ದಾರೆ. ಕೋವಿಲ್‌ಪಟ್ಟಿಯ ಸಂಶೋಧನಾ ಕೇಂದ್ರದ ನೌಕರಿ ಬಿಟ್ಟು ಹಳ್ಳಿ ಹಳ್ಳಿ ತಿರುಗಿದವರು. ನಮಗೆ ತಮಿಳು ಮಾತು ಬರುತ್ತದೆ, ಓದು ನಿಧಾನ. ಮಕ್ಕಳು ಶಾಲೆಯಲ್ಲಿ ಕಲಿಯುತ್ತಿದ್ದಾರಲ್ಲ, ಅವರಿಂದಲೇ ಓದಿಸಿ ಕೇಳೋಣ.

ಹತ್ತಿರದ ಊಟ ಎಂಬ ಮಾತೂ ಬಂದಿದೆ. ನಮ್ಮ ಊರಿನ ರಾಗಿಯೇ ಆಗಬೇಕೆಂದು ತುಮಕೂರಿನಿಂದ ಮೂಟೆ ತರಿಸುವ ಮಿತ್ರರು ಇಲ್ಲಿಯೇ ಇದ್ದಾರೆ, ಕೋಪಿಸಿಕೊಳ್ಳಬಾರದು. ಕೃಷ್ಣಗಿರಿ, ಧರ್ಮಪುರಿಗಳಲ್ಲಿ ಬೆಳೆಯುವ ರಾಗಿಯೂ ರಾಗಿಯೇ. ಇಲ್ಲಿಯವರು ಅದನ್ನು ಕೇಳ್ವರಗು ಎನ್ನುತ್ತಾರೆ. ಬೇಸಗೆಯಲ್ಲಿ ರಸ್ತೆ ಬದಿಯಲ್ಲಿ ಮಾರುವ ಕೂಳು ನಮ್ಮ ಅಂಬಲಿಯ ಒಡಹುಟ್ಟು. ಹತ್ತಿರವೆಂದರೆ ನಾವು ಬಿಟ್ಟು ಬಂದ ಊರಿಗೋ, ಅನ್ನ ಕೊಟ್ಟ ಈ ಊರಿಗೋ? ಇದನ್ನು ಮನೆಯಲ್ಲಿ ಕೇಳಿ, ಆದರೆ ಬಡಿಸಿದ ಮೇಲೆ ಕೇಳಿ.

ಹೇಳಿದ ಕನ್ನಡ ಪುಸ್ತಕಗಳನ್ನು ಪುಸ್ತಕಭಂಡಾರಕ್ಕೆ ಒಪ್ಪಿಸಿದ್ದೇವೆ. ಮುಂದಿನ ಭಾನುವಾರದಿಂದ ಸಿಗುತ್ತವೆ. ಪತ್ರಿಕೆಯ ಹಳೆಯ ಸಂಚಿಕೆಗಳೂ ಇವೆ. ಅವುಗಳಲ್ಲಿ ಅಪ್ಪ ಪೆನ್ಸಿಲಿನಿಂದ ಗೆರೆ ಎಳೆದ ಕೆಲವಿವೆ, ಅವನ್ನು ಮಾತ್ರ ಜೋಪಾನವಾಗಿ ಹಿಂತಿರುಗಿಸಿರಿ.