ಆಟದ ಪಂಚಾಂಗ ಬದಲಾಗಬೇಕು

ಹವಾಮಾನ ಬದಲಾವಣೆ ಅಂದ ಕೂಡಲೇ ನಾವು ಬೆಳೆ ಲೆಕ್ಕ ಹಾಕ್ತೀವಿ, ಕೆರೆ ಲೆಕ್ಕ ಹಾಕ್ತೀವಿ. ಕನ್ನಂಬಾಡಿ 124.80 ಅಡಿ ಮುಟ್ಟಿತಾ ಅಂತ ಕೇಳ್ತೀವಿ. ಮಂಡ್ಯದವರಿಗೆ ಅದು ಸಹಜ ಬಿಡಿ. ಆದ್ರೆ ಇವತ್ತು ನನ್ನ ಪ್ರಶ್ನೆ ಬೇರೆ. ನಮ್ಮ ಮಕ್ಕಳ ಆಟದ ಕಥೆ ಏನು?

ನೋಡಿ, ಹಳ್ಳಿಯ ಆಟಕ್ಕೂ ಒಂದು ಪಂಚಾಂಗ ಇದೆ. ಒಕ್ಕಣೆ ಮುಗಿದ ಮೇಲೆ ಎತ್ತಿನಗಾಡಿ ಓಟ, ಬೇಸಿಗೆ ರಜೆಯಲ್ಲಿ ಕಬಡ್ಡಿ, ಕ್ರಿಕೆಟ್, ದಸರೆಗೆ ಕುಸ್ತಿ. ಇದನ್ನು ಬರೆದದ್ದು ಯಾವ ಇಲಾಖೆಯೂ ಅಲ್ಲ, ಮಳೆ, ಬಿಸಿಲು. ಈಗ ಅವೇ ಮಾತು ತಪ್ಪುತ್ತಿವೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಕನ್ನಂಬಾಡಿ ತುಂಬಲಿಲ್ಲ. ನಾಲೆ ಇರುವ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಸೀಮೆಗೇ ಇಷ್ಟು ಕಷ್ಟ ಅಂದ್ರೆ, ಹೆಚ್ಚು ಮಳೆಯನ್ನೇ ನಂಬಿದ ನಾಗಮಂಗಲದ ಪಾಡೇನು? ಹಸುವಿಗೇ ಮೇವಿಲ್ಲದ ಮನೆಯಲ್ಲಿ ಓಟದ ಎತ್ತು ಯಾರು ಸಾಕ್ತಾರೆ ಸ್ವಾಮಿ?

ಬರ ಹಿಂದೆಯೂ ಇತ್ತು, ನಿಜ. ಆದ್ರೆ ಭೂಮಿ ಕಾದಷ್ಟೂ ಸುಡುವ ದಿನಗಳು ಹೆಚ್ಚುತ್ತವೆ ಅಂತ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. 2024ರ ಏಪ್ರಿಲ್‌ನಲ್ಲಿ ತಂಪಿಗೆ ಹೆಸರಾದ ಬೆಂಗಳೂರೇ 38 ಡಿಗ್ರಿ ದಾಟಿತು.

ದೊಡ್ಡವರ ಆಟ ಹೇಗೋ ದಾರಿ ಹುಡುಕಿಕೊಳ್ಳುತ್ತೆ. 2016ರಲ್ಲಿ ಮಹಾರಾಷ್ಟ್ರದ ಬರದಿಂದಾಗಿ ಐಪಿಎಲ್ ಫೈನಲ್ ಮುಂಬೈ ಬಿಟ್ಟು ಬೆಂಗಳೂರಿಗೆ ಬಂತು. ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ಅನ್ನು ಬಿಸಿಲಿಗೆ ಹೆದರಿ ಉತ್ತರದ ಸಪೊರೊ ನಗರಕ್ಕೆ ಸಾಗಿಸಿದರು. 2024ರಲ್ಲಿ ಬೆಂಗಳೂರಿಗೆ ಕುಡಿಯುವ ನೀರೇ ಕಷ್ಟವಾದಾಗ ಚಿನ್ನಸ್ವಾಮಿ ಮೈದಾನಕ್ಕೆ ಸಂಸ್ಕರಿಸಿದ ನೀರು ಹೋಯ್ತು.

ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ? ಅತಿಥಿಗಳು ಬರೋ ತನಕ ಬಿಸಿಲಲ್ಲಿ ಸಾಲಾಗಿ ನಿಲ್ಲಿಸ್ತೀವಿ. ಭಾಷಣ ಮುಗಿಯೋ ಹೊತ್ತಿಗೆ ನೆತ್ತಿ ಮೇಲೆ ಸೂರ್ಯ. ಆಮೇಲೆ ಬರಿಗಾಲಲ್ಲಿ ಓಡು ಅಂತೀವಿ. ತಲೆಸುತ್ತಿ ಬಿದ್ದರೆ, ‘ತಿಂಡಿ ತಿಂದಿರಲಿಲ್ವೇನೋ’ ಅಂತ ಮಗುವನ್ನೇ ಕೇಳ್ತೀವಿ!

ಇದಕ್ಕೆ ಕೋಟಿ ರೂಪಾಯಿ ಬೇಡ. ಓಟ ಬೆಳಗ್ಗೆ ಏಳಕ್ಕೇ ಶುರುವಾಗಲಿ, ಹತ್ತಕ್ಕೆ ನಿಲ್ಲಲಿ. ಉಳಿದದ್ದು ಸಂಜೆ ನಾಲ್ಕರ ಮೇಲೆ. ಮೈದಾನದಲ್ಲಿ ನೀರಿನ ಡ್ರಮ್ಮು, ನೆರಳಿಗೊಂದು ಶಾಮಿಯಾನ, ಸುತ್ತ ನಾಲ್ಕು ಹೊಂಗೆ ಮರ ಇರಲಿ. ಭಾಷಣವೇ? ಬಹುಮಾನ ಕೊಟ್ಟ ಮೇಲೆ ಮಾಡಿ, ಬೇಡ ಅಂದವರ್ಯಾರು?

ಮಳೆಯನ್ನು ನಾವು ತರಿಸೋಕಾಗಲ್ಲ. ಗಡಿಯಾರದ ಮುಳ್ಳು ತಿರುಗಿಸೋಕೂ ಆಗಲ್ವಾ?