ಹೋದ ಮಾತು, ಬಾರದ ಮಾತು



1948ರಲ್ಲಿ ಅಮೆರಿಕದ ಲ್ಯಾಸ್‌ವೆಲ್ ಎಂಬ ವಿದ್ವಾಂಸರು ಸಂವಹನವನ್ನು ಹೀಗೆ ವಿಂಗಡಿಸಿದರು: ಯಾರು, ಏನನ್ನು, ಯಾವ ಮಾರ್ಗದಿಂದ, ಯಾರಿಗೆ ಹೇಳಿದರು, ಫಲವೇನಾಯಿತು? ಅದೇ ವರ್ಷ ಶಾನನ್ ಎಂಬ ಇಂಜಿನಿಯರು, ಸಂದೇಶವನ್ನು ನಡುದಾರಿಯಲ್ಲಿ ಕೆಡಿಸುವ ಗದ್ದಲಕ್ಕೂ ಗಣಿತ ಕಟ್ಟಿದರು. ಎರಡರಲ್ಲಿಯೂ ಮಾತು ಒಂದೇ ಕಡೆಗೆ ಹರಿಯುತ್ತದೆ.

ಇದನ್ನು ಹಳಿಯಬೇಕಾಗಿಲ್ಲ. ಖಾತೆಯಿಂದ ಹಣ ಹೋದೊಡನೆ ಬ್ಯಾಂಕು ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಲಕ್ಷ ಜನರಿಗೆ ಕ್ಷಣದಲ್ಲಿ ಮುಟ್ಟುತ್ತದೆ. ಮುಟ್ಟಿದ್ದು ತಿಳಿಯಿತೆ ಎಂದು ಕೇಳುವ ಕೆಲಸ ಮಾತ್ರ ಕೌಂಟರಿನಲ್ಲಿ ಕುಳಿತ ನನ್ನಂಥ ಗುಮಾಸ್ತನದು!

ನಮ್ಮ ಈ ಪುಣೆಯ ಆಕಾಶವಾಣಿ ನಿಲಯದಿಂದಲೇ 1956ರಲ್ಲಿ ಯುನೆಸ್ಕೋ ನೆರವಿನೊಡನೆ ಒಂದು ಪ್ರಯೋಗ ನಡೆಯಿತು. ಸುಮಾರು 150 ಮರಾಠಿ ಹಳ್ಳಿಗಳಲ್ಲಿ ರೈತರು ಕೂಟ ಕಟ್ಟಿಕೊಂಡು ರೇಡಿಯೋ ಕೇಳುವರು, ಚರ್ಚಿಸುವರು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವರು. ಬರಿಯ ರೇಡಿಯೋ ಇದ್ದ ಹಳ್ಳಿಗಳಿಗಿಂತ ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಹೆಚ್ಚಿತೆಂದು, ಪರೀಕ್ಷಿಸಿ ನೋಡಿದ ಪಾಲ್ ನ್ಯೂರಾತ್ ಕಂಡುಕೊಂಡರು.

ಇನ್ನು ನಮ್ಮ ಮನೆಗಳಿಗೆ ಬರೋಣ. ತಾಯಿ ಊಟಕ್ಕೆ ಕನ್ನಡದಲ್ಲಿ ಕರೆಯುತ್ತಾಳೆ. ಮಗ ಮರಾಠಿಯಲ್ಲಿ “ಆಲೋ” ಎನ್ನುತ್ತಾನೆ, ಬಂದು ಕೂರುತ್ತಾನೆ. ಲ್ಯಾಸ್‌ವೆಲ್ಲರ ಲೆಕ್ಕದಲ್ಲಿ ಫಲ ಪೂರ್ತಿ! ಹೋದ ಕನ್ನಡ ಮಾತ್ರ ಹಿಂದಿರುಗಲಿಲ್ಲ. ಕೇಳಿ ತಿಳಿಯುವ ಮಗ ತನ್ನ ಮಕ್ಕಳಿಗೆ ಯಾವ ಭಾಷೆಯಲ್ಲಿ ಹೇಳಿಯಾನು?

ಆದ್ದರಿಂದ ನನ್ನದೊಂದು ಕೋರಿಕೆ. ಮಕ್ಕಳನ್ನು ಸಾಲಾಗಿ ಕೂರಿಸಿ ನಾವು ಭಾಷಣ ಮಾಡಿದ್ದು ಸಾಕು (ನನ್ನದನ್ನೂ ಸೇರಿಸಿಯೇ ಹೇಳಿದೆ). ಬರುವ ಭಾನುವಾರ ಅವರು ತಪ್ಪೋ ಒಪ್ಪೋ ಮಾತನಾಡಲಿ, ನಾವು ತಿದ್ದದೆ ಕೇಳೋಣ. ಸಂಘದ ಕೋಣೆ ನಾಲ್ಕು ಗಂಟೆಗೆ ತೆರೆದಿರುತ್ತದೆ.