ಚಪಡನಿಗೆ ಎರಡು ಲಿಪಿ, ಊರಿಗೆ ಒಬ್ಬ ದುಭಾಷಿ

ಮೊಳಕಾಲ್ಮೂರು ರೇಷ್ಮೆ ಸೀರೆ ಬೇಕೆಂದು ಕೊಂಡ್ಲಹಳ್ಳಿಯ ನೇಕಾರರೊಬ್ಬರಿಗೆ ಇಸ್ರೇಲಿನಿಂದ ಹೀಬ್ರೂ ಭಾಷೆಯಲ್ಲೊಂದು ಕಾಗದ ಬಂದಿತೆನ್ನಿ. ಓದಿ ಹೇಳುವವರು ಯಾರು? ಹೀಬ್ರೂವಿನಿಂದ ನೇರವಾಗಿ ಕನ್ನಡಕ್ಕೆ ತರುವವರು ವಿರಳ. ನಡುವೆ ಇಂಗ್ಲಿಷಿನ ಮೆಟ್ಟಿಲು ಬೇಕು. ಹೀಬ್ರೂ, ಇಂಗ್ಲಿಷ್ ಎರಡನ್ನೂ ಬಲ್ಲ, ಯಾವ ಕಚೇರಿಯ ನೌಕರನೂ ಅಲ್ಲದ ಸ್ವತಂತ್ರ ಅನುವಾದಕನನ್ನು ಹುಡುಕಬೇಕು.

ಈ ಪೇಚು ಈ ಸೀಮೆಗೆ ಹೊಸದೇನಲ್ಲ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ಕೊನೆಯಲ್ಲಿ ತಾನು ಲಿಪಿಕಾರನೆಂದು ಹೇಳುವ ಒಂದು ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ ಕೆತ್ತಿದ. ವಾಯವ್ಯ ಗಡಿಯ ಈ ಲಿಪಿ ಹೀಬ್ರೂವಿನಂತೆಯೇ ಬಲದಿಂದ ಎಡಕ್ಕೆ ಓಡುತ್ತದೆ. ಎರಡಕ್ಕೂ ಮೂಲ ಅರಮಾಯಿಕ್ ಬರವಣಿಗೆಯೇ. ಚಪಡ ಆ ಕಡೆಯಲ್ಲಿ ಕಲಿತು ಬಂದವನೆಂದು ವಿದ್ವಾಂಸರ ಊಹೆ. ಬಂಡೆಯ ಮೇಲೆ ತನ್ನ ವಿದ್ಯೆಯನ್ನು ತೋರಿಸಿಕೊಳ್ಳುವ ಸಣ್ಣ ಹೆಮ್ಮೆ ಅವನಿಗಿದ್ದಿರಬೇಕು!

ಆದರೆ ತಂದೆತಾಯಿಗಳ ಮಾತು ಕೇಳಿ, ಸತ್ಯ ನುಡಿಯಿರಿ ಎಂಬ ಆ ಬೋಧೆ ಇಲ್ಲಿನ ರೈತನ ಕಿವಿಗೆ ಬಿದ್ದದ್ದು ಹೇಗೆ? ಇಸಿಲ ಎಂಬ ಹೆಸರಿನಲ್ಲಿಯೇ ಕನ್ನಡದ ಬೇರನ್ನು ಕೆಲವರು ಕಂಡಿದ್ದಾರೆ. ಊರಿನ ನುಡಿಯಲ್ಲಿ ಅದನ್ನು ಬಿಡಿಸಿ ಹೇಳಿದ ದುಭಾಷಿಯೊಬ್ಬ ಇದ್ದಿರಲೇಬೇಕು. ಲಿಪಿಕಾರನ ಹೆಸರು ಉಳಿಯಿತು, ದುಭಾಷಿಯದು ಉಳಿಯಲಿಲ್ಲ.

ಅಶೋಕನ ಅನುವಾದಕರ ಕೈಗುರುತು ಸಿಕ್ಕಿರುವುದು ದೂರದ ಕಂದಹಾರದಲ್ಲಿ. 1958ರಲ್ಲಿ ಅಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳ ಶಾಸನವೊಂದು ಪತ್ತೆಯಾಯಿತು. ಅರಮಾಯಿಕ್ ಎಂದರೆ ಹೀಬ್ರೂವಿನ ಸೋದರ ನುಡಿ. ನಮ್ಮ 'ಧರ್ಮ' ಗ್ರೀಕಿನಲ್ಲಿ ದೈವಭಕ್ತಿಯಾಗಿದೆ, ಅರಮಾಯಿಕ್‌ನಲ್ಲಿ ಸತ್ಯವಾಗಿದೆ. ತಪ್ಪೆನ್ನಲಾಗದು, ಆಯಾ ಜನಕ್ಕೆ ಯಾವುದು ನಾಟುವುದೋ ಅದನ್ನು ಆರಿಸಿದ್ದಾರೆ. ಆದರೆ ಅರ್ಥ ಮಾತ್ರ ಒಂದೇ ಆಗಿ ಉಳಿದಿಲ್ಲ.

ಹೀಬ್ರೂ ಅನುವಾದಕನನ್ನು ಗೊತ್ತುಮಾಡುವಾಗಲೂ ಪರೀಕ್ಷಿಸಬೇಕಾದದ್ದು ಇದನ್ನೇ. ಒಂದು ಪುಟ ಕೊಟ್ಟು, ಕಠಿಣ ಪದಕ್ಕೆ ಈ ಮಾತನ್ನೇ ಏಕೆ ಆರಿಸಿದಿರಿ ಎಂದು ಕೇಳಬೇಕು. ತಡವರಿಸದೆ ಕಾರಣ ಹೇಳುವವನು ನಂಬಿಕಸ್ಥ. ಹೀಬ್ರೂವಿನ ದಿನಬಳಕೆಯ ಬರಹದಲ್ಲಿ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಆದ್ದರಿಂದ ವ್ಯಕ್ತಿಗಳ ಹೆಸರನ್ನು ಇಂಗ್ಲಿಷಿಗೆ ಇಳಿಸುವಾಗ ಆ ವ್ಯಕ್ತಿಯನ್ನೇ ಕೇಳಿ ಬರೆಯಬೇಕು. ಕರಾರುಪತ್ರದಲ್ಲಿ ಹೆಸರು ಕೆಟ್ಟರೆ ವ್ಯವಹಾರವೇ ಕೆಟ್ಟಂತೆ. ಅನುವಾದಕ ತನ್ನ ತಾಯ್ನುಡಿಗೆ ತರುತ್ತಿದ್ದಾನೋ, ಅದರಿಂದ ಹೊರಕ್ಕೆ ಒಯ್ಯುತ್ತಿದ್ದಾನೋ ಎಂಬುದನ್ನೂ ತಿಳಿದುಕೊಳ್ಳಬೇಕು. ಕಾಗದದ ಮೇಲೆ ಚೆನ್ನಾಗಿ ಬರೆಯುವವನು ಎದುರಾಬದುರು ಮಾತಿನಲ್ಲಿ ತೊದಲಬಹುದು. ಅನುವಾದಕ ಬೇರೆ, ದುಭಾಷಿ ಬೇರೆ.

ಅವಸರವೂ ಸಲ್ಲದು. ನೆರೆಯ ಬಳ್ಳಾರಿಗೆ ಜಾನ್ ಹ್ಯಾಂಡ್ಸ್ ಬಂದದ್ದು 1810ರಲ್ಲಿ. ಹಳೆಯ ಒಡಂಬಡಿಕೆಯನ್ನೂ ಒಳಗೊಂಡು ಬೈಬಲ್ ಕನ್ನಡದಲ್ಲಿ ಪೂರ್ಣವಾದದ್ದು 1831ರಲ್ಲಿ. ಸೀರೆಯ ಕಾಗದಕ್ಕೆ ಅಷ್ಟು ಕಾಲ ಬೇಡ. ಆದರೂ ಸಹಿ ಹಾಕುವ ಮೊದಲು ಎರಡೂ ಭಾಷೆ ಬಲ್ಲ ಇನ್ನೊಬ್ಬರ ಕಣ್ಣಿಗೆ ಅದನ್ನು ಹಾಕಲು ಒಂದು ದಿನವಾದರೂ ಬೇಕು.